ಮಳೆ ಪುಸ್ತಕದಲ್ಲಿ ಬಿಪಿ

ಹೋದ ವರ್ಷ ಜುಲೈ ಮೊದಲ ವಾರ. ಸಂಜೆ ಐದಕ್ಕೇ ಕತ್ತಲು ಕವಿದಿತ್ತು. ತೋಟದಿಂದ ಬಂದ ದೊಡ್ಡಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು ಗಮ್‌ಬೂಟ್ ಎಳೆದರು. ಬೂಟಿನಿಂದ ನೀರು ಸುರಿಯುವುದು ನಮ್ಮಲ್ಲಿ ಹೊಸತಲ್ಲ, ಆದರೆ ಅವತ್ತು ಸುರಿದದ್ದು ಕೆಂಪು ನೀರು. ಕಾಲುಚೀಲ ಕಳಚಿದರೆ ಹಿಮ್ಮಡಿಯ ಮೇಲೆ ಎರಡು, ಬೆರಳ ಸಂದಿಯಲ್ಲಿ ಒಂದು, ಕುಡಿದು ಕುಡಿದು ದ್ರಾಕ್ಷಿಯಷ್ಟಾದ ಜಿಗಣೆಗಳು. ದೊಡ್ಡಮ್ಮ ಒಳಗಿಂದ ಉಪ್ಪು ತಂದು ಉದುರಿಸಿದರು. ಜಿಗಣೆ ಬಿದ್ದವು, ರಕ್ತ ನಿಲ್ಲಲಿಲ್ಲ. ಜಿಗಣೆ ಕಚ್ಚಿದ ಜಾಗ ಯಾರಿಗಾದರೂ ಒಂದಷ್ಟು ಹೊತ್ತು ಜಿನುಗುತ್ತದೆ, ಅದಕ್ಕೆ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಆದರೆ ಇದು ಒಂದು ಹಳೆ ಬೈರಾಸು (ಟವೆಲ್) ಪೂರ್ತಿ ನೆನೆದು, ಎರಡನೆಯದು ಅರ್ಧ ನೆನೆಯುವ ತನಕ ಹರಿಯಿತು. ರಾತ್ರಿ ಊಟಕ್ಕೆ ಕೂತಾಗಲೂ ಅವರ ಕಾಲು ಸ್ಟೂಲಿನ ಮೇಲಿತ್ತು, ಕಾಲಿನ ಕೆಳಗೆ ಹಳೆ ಪೇಪರಿತ್ತು.

"ಇದು ನಿಲ್ಲುವುದೇ ಇಲ್ಲವಲ್ಲ ದೊಡ್ಡಪ್ಪ" ಅಂದೆ.

"ತೆಳು ಮಾತ್ರೆ ತಗೊಳ್ತೇನಲ್ಲ ಮಗಾ, ಹಾಗೆ. ಹೋಗಲಿ ಬಿಡು. ಒಂದಷ್ಟು ರಕ್ತ ಹೋದರೆ ಬಿಪಿಯೂ ಇಳೀತದೆ."

ಆ ಮಾತಿಗೆ ನಾವೆಲ್ಲ ನಕ್ಕೆವು. ನಗುವಿನ ನಡುವೆ ದೊಡ್ಡಮ್ಮ, "ಬಿಪಿ ಮಾತ್ರೆಯನ್ನು ಇವರು ಬಿಟ್ಟು ಎರಡು ತಿಂಗಳಾಯ್ತು" ಅಂದರು. ಆಮೇಲೆ ಯಾರೂ ನಗಲಿಲ್ಲ.

ದೊಡ್ಡಪ್ಪನಿಗೆ ಆಗ ಎಪ್ಪತ್ತೊಂದು. ಶುಗರ್ ಬಂದು ಹದಿನೆಂಟು ವರ್ಷ, ಬಿಪಿ ಬಂದು ಹೆಚ್ಚುಕಡಿಮೆ ಅಷ್ಟೇ. ಆ ವರ್ಷ ಫೆಬ್ರವರಿಯಲ್ಲಿ, ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ, ಕಣದಲ್ಲಿ ಚೆರಿ ಹರಡಿಸುತ್ತಾ ನಿಂತವರು ಸುಮ್ಮನೆ ಕೂತುಬಿಟ್ಟಿದ್ದರು. ಎದೆ ನೋವು ಅಂತ ಒಂದು ಮಾತಿಲ್ಲ. ಬೆವರು, ಸುಸ್ತು, ಅಷ್ಟೇ. ಶುಗರ್ ಹಳೆಯದಾದವರಿಗೆ ಹೃದಯಾಘಾತ ಕೆಲವೊಮ್ಮೆ ಹೀಗೆ ಸದ್ದಿಲ್ಲದೆ ಬರುತ್ತದೆ ಎಂದು ಗೊತ್ತಾದದ್ದು ಮೈಸೂರಿಗೆ ಮುಟ್ಟಿದ ಮೇಲೆ. ಮುಚ್ಚಿದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿ ಕಳಿಸಿದರು. ಕೈಗೆ ಕೊಟ್ಟ ಚೀಟಿಯಲ್ಲಿ ಒಂಬತ್ತು ಮಾತ್ರೆಗಳಿದ್ದವು. ಅದರಲ್ಲಿ ಎರಡು ರಕ್ತ ತೆಳು ಮಾಡುವುದಕ್ಕೆ, ಎಕೋಸ್ಪ್ರಿನ್ (ಅಂದರೆ ಆಸ್ಪಿರಿನ್) ಮತ್ತು ಕ್ಲೋಪಿಡೋಗ್ರೆಲ್. ಒಂಬತ್ತು ಮಾತ್ರೆ ನುಂಗುವ ಮನುಷ್ಯ ಒಂದನ್ನಾದರೂ ಕಡಿಮೆ ಮಾಡಲು ದಾರಿ ಹುಡುಕುತ್ತಾನೆ. ದೊಡ್ಡಪ್ಪ ಹುಡುಕಿಕೊಂಡಿದ್ದರು, ಅದೂ ತರ್ಕಬದ್ಧವಾಗಿಯೇ.

ಬೋರ್ಡೋ ಡ್ರಮ್ಮಿನ ತರ್ಕ

"ನೋಡು," ಅಂದರು. "ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವಾಗ ಸುಣ್ಣ ಸರಿಯಾಗಿ ಸೋಸದೆ ಗಟ್ಟಿ ಉಳಿದರೆ ಎಂಥ ಆಗ್ತದೆ? ನಾಜಲ್ ಕಟ್ಟಿಕೊಳ್ತದೆ. ಪೈಪ್ ಬಿಗೀತದೆ. ಅದೇ ತೆಳು ಇದ್ದರೆ ಸಲೀಸಾಗಿ ಹೋಗ್ತದೆ. ರಕ್ತ ತೆಳು ಮಾಡ್ಲಿಕ್ಕೆ ಒಂದಲ್ಲ, ಎರಡು ಮಾತ್ರೆ ಕೊಟ್ಟಿದ್ದಾರೆ. ಮತ್ತೆ ಪ್ರೆಶರ್ ಎಲ್ಲಿಂದ ಬರಬೇಕು? ಅದಕ್ಕೆ ಬೇರೆ ಮಾತ್ರೆ ಯಾಕೆ?"

ನಾನು ಬಾಯಿ ತೆರೆದೆ, ಮುಚ್ಚಿದೆ. ತಪ್ಪು ಎಂದು ಗೊತ್ತು, ತಪ್ಪು ಎಲ್ಲಿದೆ ಎಂದು ತೋರಿಸಲು ಬಾರದು. ನಲವತ್ತು ವರ್ಷ ತೋಟ ಮಾಡಿದವರ ಎದುರು ಸ್ಪ್ರೇಯರಿನ ವಿಷಯದಲ್ಲಿ ವಾದಕ್ಕಿಳಿಯುವ ಧೈರ್ಯವೂ ಬರಲಿಲ್ಲ. ಬಿಪಿ ಮಿಷನ್ ತಂದೆ. ಅವರು ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿಕೊಂಡರು. 178/96 ಬಂತು. ಈಗಷ್ಟೇ ಬೆಲ್ಲದ ಕಾಫಿ ಕುಡಿದದ್ದು, ಗುಡ್ಡ ಹತ್ತಿ ಬಂದದ್ದು, ಜಿಗಣೆ ನೋಡಿ ಗಾಬರಿಯಾದದ್ದು ಎಂದು ಕಾರಣ ಕೊಟ್ಟರು. (ಬೆಲ್ಲದ ಕಾಫಿಗೆ ಶುಗರ್ ಏರುವುದಿಲ್ಲ ಎನ್ನುವುದು ಅವರ ಇನ್ನೊಂದು ಸಿದ್ಧಾಂತ. ಅದರ ಬಗ್ಗೆ ಇನ್ನೊಮ್ಮೆ ಬರೆದೇನು.) ಕಾರಣಗಳು ಸುಳ್ಳೇನಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಬಿಟ್ಟು, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತು, ಬರಿ ತೋಳನ್ನು ಮೇಜಿನ ಮೇಲಿಟ್ಟು, ಮಾತಾಡದೆ ನೋಡಬೇಕು. ಊಟ ಮಾಡಿ ಒಂದು ಗಂಟೆ ಕಳೆದ ಮೇಲೆ ಸ್ವೆಟರ್ ತೆಗೆಸಿ ಹಾಗೆಯೇ ನೋಡಿದೆ. 172/94.

ಎರಡು ದಿನ ಬಿಟ್ಟು ಮಡಿಕೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಿಗೂ ತೋಟವಿದೆ ಎನ್ನುವುದು ನಮ್ಮ ಪುಣ್ಯ. ದೊಡ್ಡಪ್ಪ ಬೋರ್ಡೋ ಪುರಾಣ ಪೂರ್ತಿ ಹೇಳಿದರು. ಡಾಕ್ಟರು ಪೂರ್ತಿ ಕೇಳಿದರು, ನಗಲಿಲ್ಲ.

"ಯಜಮಾನ್ರೇ, ನಿಮ್ಮ ಮಾತ್ರೆ ಡ್ರಮ್ಮಿಗೆ ನೀರು ಹಾಕುವುದಿಲ್ಲ. ಡ್ರಮ್ಮಿನೊಳಗೆ ಇದ್ದದ್ದು ಇದ್ದ ಹಾಗೇ ಇದೆ. ಪೈಪಿನ ಒಳಗೆ ಗೀರು ಬಿದ್ದ ಕಡೆ ಸುಣ್ಣ ಹೆಪ್ಪು ಕಟ್ಟಿ ದಾರಿ ಮುಚ್ಚದ ಹಾಗೆ ನೋಡಿಕೊಳ್ತದೆ, ಅಷ್ಟೇ ಅದರ ಕೆಲಸ. ಆದರೆ ಪೈಪ್ ಹೊರಗೆ ಒಡೆದರೆ ತೂತು ಮುಚ್ಚಬೇಕಾದದ್ದೂ ಅದೇ ಹೆಪ್ಪು. ಅದರ ಕೈ ಕಟ್ಟಿಹಾಕಿದ್ದೇವೆ. ಈಗ ನೀವು ಇಂಜಿನ್ ಫುಲ್ ರೇಸ್ ಮಾಡ್ತಾ ಇದ್ದೀರಿ. ಹಳೆ ಪೈಪು ಬೇರೆ. ತಲೆಯ ಒಳಗೆ ಒಡೆದರೆ ಬೈರಾಸು ಎಲ್ಲಿಗೆ ಕಟ್ಟುವುದು?"

ದೊಡ್ಡಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ ಮಂಜು ನೋಡಿದರು. "ಹಾಗಾದರೆ ಇದಕ್ಕೆ ತೆಳು ಮಾತ್ರೆ ಅಂತ ಯಾಕೆ ಹೇಳ್ತೀರಿ?" ಅಂದರು. ಡಾಕ್ಟರ ಬಳಿ ಅದಕ್ಕೆ ಉತ್ತರವಿರಲಿಲ್ಲ.

ತೆಳುವಾಗದ ರಕ್ತ

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇಂಗ್ಲಿಷಿನವರು ಬ್ಲಡ್ ಥಿನ್ನರ್ ಅಂದರು, ನಾವು ರಕ್ತ ತೆಳು ಮಾಡುವ ಮಾತ್ರೆ ಅಂದೆವು. ಹೆಪ್ಪು ತಡೆಯುವ ಮಾತ್ರೆ ಎಂದಿದ್ದರೆ ದೊಡ್ಡಪ್ಪ ಎರಡು ತಿಂಗಳು ಬಿಪಿ ಮಾತ್ರೆ ಬಿಡುತ್ತಿರಲಿಲ್ಲವೇನೋ. ಪೇಂಟಿಗೆ ಥಿನ್ನರ್ ಸುರಿದಂತೆ ಇದು ರಕ್ತವನ್ನು ನೀರಾಗಿಸುವುದಿಲ್ಲ. ರಕ್ತದ ಮಂದವನ್ನು ಬಹುಪಾಲು ತೀರ್ಮಾನಿಸುವುದು ಕೆಂಪು ಕಣಗಳು. ಈ ಮಾತ್ರೆಗಳು ಅವುಗಳ ತಂಟೆಗೇ ಹೋಗುವುದಿಲ್ಲ.

ಎರಡು ಬಗೆ ಇವೆ. ಒಂದು ಕಿರುಬಿಲ್ಲೆಗಳನ್ನು, ಅಂದರೆ ಪ್ಲೇಟ್‌ಲೆಟ್‌ಗಳನ್ನು, ಪರಸ್ಪರ ಅಂಟದ ಹಾಗೆ ಮಾಡುವಂಥವು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಈ ಗುಂಪಿನವು. ಆಸ್ಪಿರಿನ್ ಒಮ್ಮೆ ತಾಗಿದ ಕಿರುಬಿಲ್ಲೆ ಸಾಯುವ ತನಕ ನಿಷ್ಕ್ರಿಯವಾಗಿಯೇ ಇರುತ್ತದೆ. ಅದರ ಆಯಸ್ಸು ಏಳರಿಂದ ಹತ್ತು ದಿನ. ಹಾಗಾಗಿ "ಇವತ್ತೊಂದು ದಿನ ಬಿಟ್ಟೆ, ಹಲ್ಲು ಕೀಳಿಸಿಕೊಳ್ಳಬಹುದಲ್ಲ" ಎಂಬ ಲೆಕ್ಕ ನಡೆಯುವುದಿಲ್ಲ. ಸ್ಟೆಂಟ್ ಇರುವವರು ಹಲ್ಲಿಗಾಗಿ ಅದನ್ನು ತಾವಾಗಿ ಬಿಡುವುದು ಇನ್ನೂ ಅಪಾಯ. ಇನ್ನೊಂದು ಬಗೆಯವು ರಕ್ತ ಗರಣೆ ಕಟ್ಟುವ ಸರಪಣಿಯ ಕೊಂಡಿಗಳನ್ನು ಹಿಡಿಯುವಂಥವು. ವಾರ್ಫರಿನ್, ಅಸಿನೋಕುಮರಾಲ್, ಈಚೆಗೆ ಬಂದ ಅಪಿಕ್ಸಬಾನ್, ರಿವರೋಕ್ಸಬಾನ್ ಅಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದೂ ಬಿಪಿಯನ್ನು ಇಳಿಸುವುದಿಲ್ಲ.

ತಮಾಷೆಯೆಂದರೆ, ಈ ವಿದ್ಯೆಯ ಮೂಲ ಪಾಠಗಳು ನಮ್ಮ ತೋಟದಲ್ಲೇ ಬಿದ್ದಿವೆ. ಜಿಗಣೆಯ ಬಾಯಿಯಲ್ಲಿ ಹೆಪ್ಪು ತಡೆಯುವ ವಸ್ತುವಿದೆ ಎಂದು ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದ್ದು 1884ರಲ್ಲಿ. ಆಮೇಲೆ ಅದಕ್ಕೆ ಹಿರುಡಿನ್ ಎಂದು ಹೆಸರಾಯಿತು. ಅದರ ಮಾದರಿಯಲ್ಲೇ ರೂಪಿಸಿದ ಬೈವಲಿರುಡಿನ್ ಎಂಬ ಔಷಧವನ್ನು ಈಗ ಆಂಜಿಯೋಪ್ಲಾಸ್ಟಿ ಮಾಡುವಾಗ ಬಳಸುವುದುಂಟು. ಅಂದರೆ ಆ ಸಂಜೆ ದೊಡ್ಡಪ್ಪನ ಹಿಮ್ಮಡಿಯಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹಿರುಡಿನ್‌ನಂಥ ಜಿಗಣೆಯ ವಸ್ತು ಮೂರೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಬೈರಾಸು ಎರಡು ಬೇಕಾದದ್ದು ಆಶ್ಚರ್ಯವಲ್ಲ.

ವಾರ್ಫರಿನ್ ಕಥೆ ಇನ್ನೂ ಸ್ವಾರಸ್ಯದ್ದು. 1920ರ ದಶಕದಲ್ಲಿ ಅಮೆರಿಕದ ಉತ್ತರದ ಬಯಲುಗಳಲ್ಲೂ ಕೆನಡಾದಲ್ಲೂ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸತ್ತವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ದನವನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತುಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯದ ಬಾಗಿಲಿಗೆ ಬಂದ. ಆ ಜಾಡು ಹಿಡಿದು ಹೊರಟ ಸಂಶೋಧನೆಯಿಂದ 1948ರಲ್ಲಿ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ನಮ್ಮ ಉಗ್ರಾಣದ ಮೂಲೆಯಲ್ಲಿ ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ ಇದೇ ವಂಶದ ಬಲಿಷ್ಠ ಕುಡಿ. ನಮ್ಮ ತೋಟದ ಕೆಲಸದವರ ಲೈನ್ ಮನೆಯಲ್ಲಿ ಹೃದಯದ ಕವಾಟ ಬದಲಿಸಿಕೊಂಡ ಒಬ್ಬ ಹೆಂಗಸು ಅಸಿನೋಕುಮರಾಲ್ ತೆಗೆದುಕೊಳ್ಳುತ್ತಾಳೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಗೆ ತಿಂಗಳಿಗೊಮ್ಮೆ ಮಡಿಕೇರಿ ಬಸ್ಸು ಹತ್ತುತ್ತಾಳೆ. ಸೊಪ್ಪು ತಿನ್ನಲೇಬಾರದು ಎಂದು ಯಾರೋ ಹೇಳಿದ್ದರಿಂದ ಮಳೆಗಾಲವಿಡೀ ಕೆಸುವಿನ ಸಾರು ಮುಟ್ಟಿರಲಿಲ್ಲ, ಪಾಪ. ಬಿಡಬೇಕಾಗಿಲ್ಲ, ಒಂದು ವಾರ ರಾಶಿ ರಾಶಿ, ಇನ್ನೊಂದು ವಾರ ಸೊನ್ನೆ ಎಂದು ಏರುಪೇರು ಮಾಡಬಾರದು, ಅಷ್ಟೇ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ. ಎದುರಾಳಿ ದಿನವೂ ಒಂದೇ ತೂಕದಲ್ಲಿದ್ದರೆ ಡಾಕ್ಟರು ಅದಕ್ಕೆ ತಕ್ಕ ಡೋಸ್ ಕೊಡುತ್ತಾರೆ.

ಬಿಪಿ ಮತ್ತು ಹೆಪ್ಪು ತಡೆಯುವ ಮಾತ್ರೆಗಳ ಸಂಬಂಧ ದೊಡ್ಡಪ್ಪ ತಿಳಿದದ್ದರ ತೀರ ಉಲ್ಟಾ. ಈ ಮಾತ್ರೆ ತಿನ್ನುವವನಿಗೆ ಬಿಪಿ ಹತೋಟಿ ಉಳಿದವರಿಗಿಂತ ಹೆಚ್ಚು ಮುಖ್ಯ. ಎದೆ ಬಡಿತ ತಾಳ ತಪ್ಪಿ ಈ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಎಷ್ಟು ಎಂದು ಅಳೆಯಲು ಡಾಕ್ಟರುಗಳು ಬಳಸುವ ಒಂದು ಅಂಕಪಟ್ಟಿಯಿದೆ. ಅದರ ಮೊದಲ ಅಂಕವೇ ಹತೋಟಿ ತಪ್ಪಿದ ಬಿಪಿಗೆ, ಮೇಲಿನ ಸಂಖ್ಯೆ 160 ದಾಟಿದವರಿಗೆ.

ಸಭಾಂಗಣದ ಮೂಲೆಯಲ್ಲಿ

ಇದನ್ನೆಲ್ಲ ಓದುತ್ತಾ ನನಗೆ ಮತ್ತೆ ಮತ್ತೆ ನೆನಪಾದದ್ದು 2018ರ ಆಗಸ್ಟ್. ಮಳೆಗೆ ಕೊಡಗಿನ ಗುಡ್ಡಗಳು ಜಾರಿದ ಆ ವಾರದ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾನು ನಾಲ್ಕು ದಿನ ಇದ್ದೆ. ಮೊದಲ ದಿನ ಅನ್ನ, ಕಂಬಳಿ ಹಂಚಿದೆ. ಎರಡನೆಯ ದಿನ ಮೈಸೂರು, ಬೆಂಗಳೂರು ಕಡೆಯಿಂದ ಪೆಟ್ಟಿಗೆಗಟ್ಟಲೆ ಔಷಧಿ ಬಂತು. ಓದಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಸಭಾಂಗಣದ ಮೂಲೆಯಲ್ಲಿ, ಒಬ್ಬರು ನಿವೃತ್ತ ನರ್ಸ್ ಜೊತೆ, ಮಾತ್ರೆ ವಿಂಗಡಿಸಲು ಕೂರಿಸಿದರು.

ಸಾಲು ಶುರುವಾಯಿತು. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದವರು. ಚೀಟಿ ಇಲ್ಲ, ಖಾಲಿ ಪಟ್ಟಿಯೂ ಇಲ್ಲ, ಕೆಲವರಿಗೆ ಮನೆಯೇ ಇಲ್ಲ. "ಯಾವ ಮಾತ್ರೆ?" ಎಂದು ನರ್ಸ್ ಕೇಳಿದರೆ ಉತ್ತರಗಳು ಹೀಗಿದ್ದವು: "ಬಿಳಿ, ಸಣ್ಣದು." "ಬೆಳಗ್ಗೆದು." "ಶುಗರಿಂದು ಎರಡು, ಬಿಪಿದು ಒಂದು, ಮತ್ತೆ ಒಂದು ಇತ್ತು." ಆ 'ಮತ್ತೆ ಒಂದು' ಏನೆಂದು ಎಷ್ಟು ಕೆದಕಿದರೂ ಗೊತ್ತಾಗುತ್ತಿರಲಿಲ್ಲ. ಮಾದಾಪುರ ಕಡೆಯ ಒಬ್ಬ ಅಜ್ಜ ಮಾತ್ರ ಜೇಬಿನಿಂದ ಒದ್ದೆ ಪ್ಲಾಸ್ಟಿಕ್ ತೆಗೆದು, ಅದರೊಳಗಿಂದ ಬೆಳ್ಳಿ ಹಾಳೆಯ ಹರಿದ ಚೂರೊಂದನ್ನು ಅಂಗೈ ಮೇಲಿಟ್ಟರು. ಎಕ್ಸ್‌ಪೈರಿ ತಾರೀಕು ಮಾತ್ರ ಉಳಿದಿತ್ತು, ಹೆಸರಿರಲಿಲ್ಲ. "ಇದು ರಕ್ತ ತೆಳುವಿಂದು. ಇದೊಂದು ಕೊಡಿ ಸಾಕು ಮೇಡಂ, ಬಾಕಿ ಎಲ್ಲ ನಿಭಾಯಿಸ್ತೇನೆ. ಇದಿದ್ದರೆ ಬಿಪಿ, ಹಾರ್ಟು ಎಲ್ಲ ಅದೇ ನೋಡಿಕೊಳ್ತದೆ" ಅಂದರು.

ನರ್ಸ್ ಮೊದಲು ಅವರ ಬಿಪಿ ನೋಡಿದರು. ಸಂಖ್ಯೆ ನನಗೀಗ ನೆನಪಿಲ್ಲ, ಅವರ ಮುಖ ಗಂಭೀರವಾದದ್ದು ನೆನಪಿದೆ. "ಇದನ್ನು ಈಗ ಕೊಡುವುದಿಲ್ಲ, ಮೊದಲು ಬಿಪಿದು ನುಂಗಿ, ಡಾಕ್ಟರು ಬರ್ತಾರೆ, ಕೂತಿರಿ" ಅಂದರು. ಅಜ್ಜನಿಗೆ ಸಿಟ್ಟು ಬಂತು. ಗುಡ್ಡ ಜಾರಿ ಎಲ್ಲ ಹೋಯ್ತು, ಈಗ ಮಾತ್ರೆಗೂ ಅಡ್ಡಿಯೇ ಎಂದು ಗೊಣಗುತ್ತಾ ಗೋಡೆಗೆ ಒರಗಿ ಕೂತರು. ನನಗೂ ಆ ಕ್ಷಣ ನರ್ಸ್ ಮೇಲೆಯೇ ಸಿಟ್ಟು ಬಂದಿತ್ತು. ಕೇಳಿದ್ದನ್ನು ಕೊಟ್ಟರೇನು ಹೋಗುತ್ತದೆ ಅನ್ನಿಸಿತ್ತು. ಆರೇಳು ವರ್ಷ ಕಳೆದು ದೊಡ್ಡಪ್ಪನ ಬಾಯಲ್ಲಿ ಅದೇ ಮಾತು ಕೇಳಿದಾಗಲೇ ನನಗೆ ಆ ಮಹಾತಾಯಿ ಏನು ಮಾಡಿದರು ಎಂದು ಅರ್ಥವಾದದ್ದು.

ಅವ್ವನ ಎಕೋಸ್ಪ್ರಿನ್

ಗುಡ್ಡ ಜಾರಿದ ಅದೇ ತಿಂಗಳ ಕೊನೆಯಲ್ಲಿ, ನಾವು ಯಾರೂ ಪೇಪರಿನ ಬೇರೆ ಸುದ್ದಿ ಓದುವ ಸ್ಥಿತಿಯಲ್ಲಿರದಿದ್ದಾಗ, ಆಕ್ಸ್‌ಫರ್ಡ್‌ನವರ ಅಸೆಂಡ್ ಎಂಬ ಅಧ್ಯಯನದ ಫಲಿತಾಂಶ ಹೊರಬಂದಿತ್ತು. ಅವ್ವನ ದೆಸೆಯಿಂದ ಅದನ್ನು ನಾನು ಹುಡುಕಿ ಓದಿದ್ದು ಹೋದ ವರ್ಷ.

ಅವ್ವನಿಗೆ ಅರವತ್ತಾರು, ಶುಗರು ಹನ್ನೆರಡು ವರ್ಷದ್ದು, ಬಿಪಿಯೂ ಇದೆ. ಹೃದಯಕ್ಕೆ, ಮಿದುಳಿಗೆ ಇದುವರೆಗೆ ಏನೂ ಆಗಿಲ್ಲ. ಆದರೂ ಆರು ವರ್ಷದಿಂದ ದಿನಾ ರಾತ್ರಿ ಒಂದು ಎಕೋಸ್ಪ್ರಿನ್ 75. ದೊಡ್ಡಪ್ಪನ ಜೊತೆ ಬಂದವರನ್ನೂ ಒಮ್ಮೆ ನೋಡಿಬಿಡಿ ಎಂದು ನಾನೇ ಅವ್ವನನ್ನು ಡಾಕ್ಟರ ಮುಂದೆ ಕೂರಿಸಿದೆ. ಮುಂಗೈ ಮೇಲೆ ಅಲ್ಲಲ್ಲಿ ನೇರಳೆ ಕಲೆ, ಹಿಮೋಗ್ಲೋಬಿನ್ ಒಂಬತ್ತೂವರೆ. "ಎಕೋಸ್ಪ್ರಿನ್ ಯಾರು ಬರೆದುಕೊಟ್ಟದ್ದು?" ಎಂದು ಡಾಕ್ಟರು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. "ಶುಗರ್ ಇದ್ದವರೆಲ್ಲ ತಗೊಳ್ತಾರಲ್ಲ" ಅಂದಳು. ನೆನೆಸಿಕೊಂಡರೆ, ಸಂಬಂಧಿಕರೊಬ್ಬರು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ ತಿಂಗಳು ಅವ್ವನೇ ಮೆಡಿಕಲ್‌ನಲ್ಲಿ ಕೇಳಿ ತಂದದ್ದು. ಆಮೇಲೆ ಅದು ಪಟ್ಟಿಯಲ್ಲಿ ಸೇರಿಕೊಂಡು ಪ್ರತಿ ತಿಂಗಳೂ ಬರುತ್ತಾ ಹೋಯಿತು.

ಅಸೆಂಡ್‌ನಲ್ಲಿ ಇದ್ದವರು ಅವ್ವನಂಥವರೇ. ಸಕ್ಕರೆ ಕಾಯಿಲೆ ಇದ್ದು, ಹೃದಯ-ರಕ್ತನಾಳದ ಕಾಯಿಲೆ ಇನ್ನೂ ಕಾಣಿಸಿಕೊಳ್ಳದ 15,480 ಜನ. ಅರ್ಧ ಜನರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಉಳಿದರ್ಧಕ್ಕೆ ಏನೂ ಇಲ್ಲದ ಖಾಲಿ ಮಾತ್ರೆ. ಸರಾಸರಿ 7.4 ವರ್ಷ ನೋಡಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆ ಖಾಲಿ ಮಾತ್ರೆಯವರಲ್ಲಿ ಶೇ. 9.6, ಆಸ್ಪಿರಿನ್‌ನವರಲ್ಲಿ ಶೇ. 8.5. ಲಾಭ ನಿಜ. ಆದರೆ ದೊಡ್ಡ ರಕ್ತಸ್ರಾವ ಶೇ. 3.2 ಇದ್ದದ್ದು 4.1ಕ್ಕೆ ಏರಿತ್ತು. ಹೊಟ್ಟೆ, ಕರುಳಿನ ರಕ್ತಸ್ರಾವದ್ದೇ ಅದರಲ್ಲಿ ದೊಡ್ಡ ಪಾಲು. ಸಾವಿರ ಜನರ ಲೆಕ್ಕ ಹಾಕಿದರೆ ಹನ್ನೊಂದು ಜನರಿಗೆ ಒಂದು ಅಪಾಯ ತಪ್ಪಿತು, ಒಂಬತ್ತು ಜನರಿಗೆ ಇನ್ನೊಂದು ಅಪಾಯ ಬಂತು. ಬಾಳೆಗೊನೆ ಮಾರಿದ ದುಡ್ಡನ್ನು ಸಾಗಣೆಗೇ ಕೊಟ್ಟಂತೆ.

ಹಾಗಾಗಿ ಒಂದೇ ಮಾತ್ರೆ, ಪಕ್ಕಪಕ್ಕದ ಎರಡು ಮನೆ, ಎರಡು ಉತ್ತರ. ಹೃದಯಾಘಾತ ಆಗಿ ಸ್ಟೆಂಟ್ ಹಾಕಿಸಿಕೊಂಡ ದೊಡ್ಡಪ್ಪ ಎಕೋಸ್ಪ್ರಿನ್ ಬಿಡುವಂತೆಯೇ ಇಲ್ಲ. ಅವರಲ್ಲಿ ಲಾಭ ಬಹಳ ದೊಡ್ಡದು. ಅವ್ವನಿಗೆ ಹಿಮೋಗ್ಲೋಬಿನ್ ಇಳಿದಿರುವಾಗ ಬೇಡವೇ ಬೇಡ ಎಂದು ಡಾಕ್ಟರು ಗೀಟು ಹಾಕಿದರು. ಗೀಟು ಹಾಕಿದ್ದು ಅವ್ವನಿಗೆ ಅವಮಾನವಾದಂತಾಯಿತು. "ಅವರಿಗೆ ಮಾತ್ರ ಒಳ್ಳೆ ಮಾತ್ರೆ" ಎಂದು ಮೂರ್ನಾಡು ತನಕ ಮಾತು ಬಿಟ್ಟಿದ್ದಳು. (ಇದನ್ನು ಓದಿ ಯಾರೂ ತಮ್ಮದನ್ನು ತಾವೇ ನಿಲ್ಲಿಸಿಕೊಳ್ಳಬೇಡಿ ಮಾರಾಯ್ರೆ. ನಮ್ಮ ಮನೆಯಲ್ಲೂ ಗೀಟು ಹಾಕಿದ್ದು ಡಾಕ್ಟರು, ನಾನಲ್ಲ.)

ಅವ್ವನಿಗೆ ಉಳಿದದ್ದು ಬಿಪಿ ಮಾತ್ರೆ. ಯಾರಿಗೂ ಅದರ ಮೇಲೆ ಗೌರವವಿಲ್ಲ. ಶುಗರ್ ಎಷ್ಟು ಎಂದು ಮದುವೆ ಮನೆಯಲ್ಲೂ ಕೇಳುತ್ತಾರೆ, ಬಿಪಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1998ರಲ್ಲೇ ಇದನ್ನು ತೋರಿಸಿತ್ತು. ಸಕ್ಕರೆ ಕಾಯಿಲೆಯ ಜೊತೆ ಬಿಪಿಯೂ ಇದ್ದ 1,148 ಜನರಲ್ಲಿ ಒಂದು ಗುಂಪಿನ ಸರಾಸರಿ 154/87, ಬಿಗಿಯಾಗಿ ನೋಡಿಕೊಂಡ ಗುಂಪಿನದು 144/82. ಮೇಲಿನ ಸಂಖ್ಯೆಯಲ್ಲಿ ಹತ್ತೇ ಹತ್ತರ ವ್ಯತ್ಯಾಸ. ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಗಿತ್ತು. ಈಗಂತೂ ಸಕ್ಕರೆ ಕಾಯಿಲೆಯವರಿಗೆ 130/80ರ ಕೆಳಗೆ ಇರಲಿ ಎನ್ನುತ್ತಾರೆ. ಅವ್ವ ಹಾತೊರೆದದ್ದು ಎಕೋಸ್ಪ್ರಿನ್‌ಗೆ, ಅವಳನ್ನು ಕಾಯುತ್ತಿದ್ದದ್ದು ಅದರ ಪಕ್ಕದ ಡಬ್ಬದಲ್ಲಿದ್ದ ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್.

ಕೆಂಪು

ಡಾಕ್ಟರು ದೊಡ್ಡಪ್ಪನಿಗೆ ಕಳಿಸುವಾಗ ಮೂರು ಎಚ್ಚರಿಕೆ ಹೇಳಿದ್ದರು. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ಒಂದು ನಿಮಿಷ ತಡಮಾಡದೆ ಬರಬೇಕು. ಜುಲೈ ಕಳೆಯಿತು. ಬಿಪಿ ಮಾತ್ರೆ ಮತ್ತೆ ಶುರುವಾಗಿ ಸಂಖ್ಯೆ 140ರ ಆಸುಪಾಸಿಗೆ ಬಂದಿತ್ತು. ಆಗಸ್ಟ್ 4ರ ಬೆಳಗ್ಗೆ ಆರಕ್ಕೆ ದೊಡ್ಡಮ್ಮನ ಫೋನು. "ಬೇಗ ಬಾ, ದೊಡ್ಡಪ್ಪನಿಗೆ ರಕ್ತ ಹೋಗ್ತಾ ಉಂಟು."

ಓಡಿದೆ. ದೊಡ್ಡಪ್ಪ ಮಂಚದ ಮೇಲೆ ಸಾವಿಗೆ ಸಿದ್ಧರಾದವರಂತೆ ಮಲಗಿದ್ದರು. ಮೂತ್ರ ಕೆಂಪು ಅಂದರೆ ಕಡು ಕೆಂಪು. ಹೊರಗೆ ಮಳೆ, ಭಾಗಮಂಡಲದ ಕಡೆ ರಸ್ತೆಗೆ ನೀರು ಬಂದಿದೆ ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಜೀಪ್ ತಿರುಗಿಸಿ ನಿಲ್ಲಿಸಿ, ಕೊಡೆ ಹುಡುಕುತ್ತಾ ಅಡುಗೆ ಮನೆಗೆ ಹೋದರೆ ಒಲೆಯ ಪಕ್ಕ ನಿನ್ನೆಯ ಪಾತ್ರೆ. ತಳದಲ್ಲಿ ಒಣಗಿದ ನೇರಳೆ ಪಾಯಸ.

ಕೊಡಗಿನವರಿಗೆ ಇಷ್ಟು ಹೇಳಿದರೆ ಸಾಕು. ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೆಯ ದಿನ. ಆಟಿ ಸೊಪ್ಪಿನಲ್ಲಿ, ಕೊಡವರ ಮದ್ದ್ ತೊಪ್ಪಿನಲ್ಲಿ, ಹದಿನೆಂಟು ಬಗೆಯ ಔಷಧ ಕೂಡಿಕೊಂಡಿರುವ ದಿನ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಮಾಡಿದ ಪಾಯಸ ತಿಂದ ಮಾರನೆಯ ದಿನ ಇಡೀ ಜಿಲ್ಲೆಯ ಮೂತ್ರ ಕೆಂಪಗಿರುತ್ತದೆ. ಚಿಕ್ಕಂದಿನಲ್ಲಿ ಯಾರದು ಹೆಚ್ಚು ಕೆಂಪು ಎಂದು ನಾವು ಹುಡುಗರು ಪಂದ್ಯ ಕಟ್ಟುತ್ತಿದ್ದೆವು. ಎಪ್ಪತ್ತು ಆಟಿ ಕಂಡ ದೊಡ್ಡಪ್ಪ, ಐವತ್ತು ವರ್ಷ ಪಾಯಸ ಕಾಸಿದ ದೊಡ್ಡಮ್ಮ, ಇಬ್ಬರೂ ಡಾಕ್ಟರ ಎಚ್ಚರಿಕೆಯ ಎದುರು ಅದನ್ನು ಪೂರ್ತಿ ಮರೆತಿದ್ದರು. ಜೀಪ್ ಹತ್ತಿಸುವ ಮುನ್ನ ನಾನೂ ಒಮ್ಮೆ ಬಚ್ಚಲಿಗೆ ಹೋಗಿ ಬಂದೆ. ಕೆಂಪು. ದೊಡ್ಡಮ್ಮನದೂ ಕೆಂಪು.

ನಕ್ಕು ಸುಮ್ಮನಾಗಬಹುದಿತ್ತು, ಆದರೆ ಒಂದು ಅನುಮಾನ ಉಳಿಯಿತು. ಪಾಯಸದ ಕೆಂಪಿನ ಅಡಿಯಲ್ಲಿ ನಿಜವಾದ ರಕ್ತವೂ ಇದ್ದರೆ? ಫೋನಿನಲ್ಲಿ ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, "ನನ್ನದೂ ಕೆಂಪೇ. ನಾಳೆಗೂ ಕೆಂಪಿದ್ದರೆ ಪರೀಕ್ಷೆ ಮಾಡಿಸಿ" ಅಂದರು. ಮಾರನೆಯ ದಿನ ತಿಳಿಯಾಗಿತ್ತು. ಬೆಲ್ಲ ಸುರಿದ ಪಾಯಸ ಎರಡು ಬಟ್ಟಲು ಹೊಡೆದದ್ದಕ್ಕೆ ಶುಗರ್ ಮಾತ್ರ 310 ಬಂತು. ಆಟಿಯ ದಿನ ತಿಂದದ್ದು ಮದ್ದು, ಅದು ಲೆಕ್ಕಕ್ಕಿಲ್ಲ ಅಂದರು ದೊಡ್ಡಪ್ಪ.

ಮಂಡಿಯ ಮಾತ್ರೆ, ರಾತ್ರಿಯ ಬಚ್ಚಲು

ನಿಜವಾಗಿ ಹೆದರಬೇಕಾದದ್ದು ಪಾಯಸಕ್ಕಲ್ಲ. ಮಳೆಗಾಲದಲ್ಲಿ ಮಂಡಿ ನೋವೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಬ್ರೂಫೆನ್. ತೋಟದ ಕೆಲಸದವರಿಗೆ ಅದು ಬೀಡಿ, ಎಲೆ-ಅಡಿಕೆಯಷ್ಟೇ ಸಲೀಸು. ಅದು ಬಿಪಿಯನ್ನು ಏರಿಸುತ್ತದೆ, ಶುಗರಿನಿಂದ ಮೊದಲೇ ಬಳಲಿದ ಕಿಡ್ನಿಗೆ ಹೊರೆಯಾಗುತ್ತದೆ, ಹೆಪ್ಪು ತಡೆಯುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರಿಸುತ್ತದೆ. ದೊಡ್ಡಪ್ಪನ ದಿಂಬಿನಡಿ ಅಂಥ ಒಂದು ಪಟ್ಟಿ ಸಿಕ್ಕಿತು. ಬಿಪಿ ಇಳಿಯಲು ಹಠ ಹಿಡಿದದ್ದಕ್ಕೆ ಅರ್ಧ ಕಾರಣ ಅದೇ ಇರಬೇಕು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಮಲಗಿಸಿ ಒಮ್ಮೆ, ಎದ್ದು ನಿಲ್ಲಿಸಿ ಇನ್ನೊಮ್ಮೆ ಬಿಪಿ ನೋಡಿದರು. ಮಲಗಿದ್ದಾಗ 146, ನಿಂತು ಎರಡು ನಿಮಿಷಕ್ಕೆ 118. ಶುಗರ್ ಹಳೆಯದಾದರೆ ನರಗಳು ಸೋತು, ಎದ್ದು ನಿಂತ ಕೂಡಲೇ ರಕ್ತನಾಳ ಬಿಗಿಯಬೇಕಾದದ್ದು ಬಿಗಿಯುವುದಿಲ್ಲ. ಮನುಷ್ಯ ಕಣ್ಣು ಕತ್ತಲಿಟ್ಟು ಬೀಳುತ್ತಾನೆ. ಬಿಪಿ ಮಾತ್ರೆ ಹೆಚ್ಚಿಸಿದರೆ ಬೀಳುವುದು, ಬಿಟ್ಟರೆ ನಾಳ ಒಡೆಯುವುದು, ಬಿದ್ದು ತಲೆ ತಾಗಿದರೆ ಹೆಪ್ಪು ತಡೆಯುವ ಮಾತ್ರೆಯಿಂದ ಒಳಗೆ ರಕ್ತ ನಿಲ್ಲದಿರುವುದು. ಡಾಕ್ಟರು ಒಂದೇ ಸಲ ಇಳಿಸುವ ಆತುರ ಮಾಡಲಿಲ್ಲ. ನಾವು ಮಾಡಿದ್ದು ಸಣ್ಣ ಕೆಲಸಗಳು. ರಾತ್ರಿ ಮಂಚದಿಂದ ಎದ್ದು ಕಾಲು ಇಳಿಬಿಟ್ಟು ಒಂದಷ್ಟು ಹೊತ್ತು ಕೂತು ಆಮೇಲೆ ನಿಲ್ಲುವುದು. ಪಾಚಿ ಹಿಡಿದ ಹೊರಗಿನ ಬಚ್ಚಲಿಗೆ ಹೋಗುವ ಮೂರು ಮೆಟ್ಟಿಲಿಗೆ ಕಬ್ಬಿಣದ ಹಿಡಿ, ಕರೆಂಟ್ ಹೋದರೂ ಉರಿಯುವ ಒಂದು ದೀಪ.

ಬಿಪಿ ಬರೆದಿಡಲು ನಾನು ಒಂದು ಹೊಸ ನೋಟ್‌ಬುಕ್ ತಂದುಕೊಟ್ಟಿದ್ದೆ. ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ. ತೋಟದವರ ಮನೆಯಲ್ಲಿ ಎಲ್ಲದಕ್ಕೂ ಒಂದೇ ಪುಸ್ತಕ, ಮಳೆ ಪುಸ್ತಕ. ಬೆಳಗ್ಗೆ ಅಳತೆ ಪಾತ್ರೆ ನೋಡಿ ಇಂಚು, ಸೆಂಟು ಬರೆದಿಡುವುದು. ದೊಡ್ಡಪ್ಪನ ಬಳಿ 1983ರಿಂದ ಈಚೆಗಿನ ಎಲ್ಲ ವರ್ಷದ್ದೂ ಇದೆ. ಮೊನ್ನೆ ಆಟಿ ಪಾಯಸಕ್ಕೆಂದು ಹೋದವನು ಸುಮ್ಮನೆ ಈ ವರ್ಷದ್ದನ್ನು ತೆರೆದೆ. ಮಳೆಯ ಪಕ್ಕ ಕೆಂಪು ಪೆನ್ನಿನಲ್ಲಿ ಇನ್ನೊಂದು ಕಾಲಂ ಎಳೆದಿದ್ದರು. ಜುಲೈ 19: 4.60, 136/78. ಜುಲೈ 20: 5.15, ಕರೆಂಟಿಲ್ಲ, ಸೆಲ್ ಇಲ್ಲ, ನೋಡಿಲ್ಲ. ಜುಲೈ 26: 1.90, 132/76, ಜಿಗಣೆ ಎರಡು, ಮುಕ್ಕಾಲು ಗಂಟೆ.

ಮಾರನೆಯ ದಿನ ಬೆಳಗ್ಗೆ ಅವರು ಬಚ್ಚಲಿಂದ ಬಂದು, ಕನ್ನಡಕ ಹಾಕಿಕೊಂಡು, ತೋಳು ಮೇಜಿನ ಮೇಲಿಟ್ಟು, ಯಾರೊಂದಿಗೂ ಮಾತಾಡದೆ ಐದು ನಿಮಿಷ ಕೂತರು. ಆಮೇಲೆ ಬರೆದರು. ಆಗಸ್ಟ್ 4: 2.35, 134/76, ಕೆಂಪು, ಪಾಯಸದ್ದು.